ಇಳಿಯುವ ವಿದ್ಯೆ: ಬೋರ್ ಘಾಟಿನಿಂದ ಕೊಡಚಾದ್ರಿಯವರೆಗೆ

ಮುಂಬಯಿಯನ್ನು ಕಡಲ ನಗರವೆಂದು ಕರೆಯುವುದು ರೂಢಿ. ದಖ್ಖಣದ ಕಡೆಯಿಂದ ನೋಡುವವರಿಗೆ ಅದು ಘಟ್ಟದ ಬುಡದ ನಗರವೂ ಹೌದು. ಪುಣೆ, ಸೊಲ್ಲಾಪುರ, ಕಲಬುರಗಿ, ವಿಜಯಪುರ, ಬೆಳಗಾವಿ, ಧಾರವಾಡ, ಈ ಯಾವ ಊರಿನಿಂದ ನೆಲದ ಹಾದಿ ಹಿಡಿದು ಹೊರಟರೂ ಎಲ್ಲಾದರೂ ಒಂದೆಡೆ ಸಹ್ಯಾದ್ರಿಯನ್ನು ಇಳಿಯಲೇಬೇಕು. ತುಳುನಾಡು ಮತ್ತು ಉತ್ತರ ಕನ್ನಡದ ಕರಾವಳಿಯವರು ಮೊದಲು ಹಡಗಿನಲ್ಲಿ ಬಂದರು. ಹೆದ್ದಾರಿಯಾದ ಮೇಲೆ ಪರಶುರಾಮ ಘಾಟ್, ಕಶೇಡಿ ಘಾಟ್‌ಗಳ ತಿರುವುಗಳನ್ನು ದಾಟಿ ಬಂದರು. ನಮ್ಮ ವಲಸೆಯ ಕಥನಗಳಲ್ಲಿ ಹಡಗು, ರೈಲು, ಖಾನಾವಳಿ, ರಾತ್ರಿಶಾಲೆ ಎಲ್ಲವೂ ಬರುತ್ತವೆ. ಪಯಣದ ನಡುವೆ ಉಸಿರು ಬಿಗಿಹಿಡಿದು ಕುಳಿತು ಕಳೆದ ಘಟ್ಟದ ಆ ಒಂದು ತಾಸು ಮಾತ್ರ ಬರುವುದು ಅಪರೂಪ.

ಘಟ್ಟದ ಚರಿತ್ರೆಯನ್ನು ಬರೆದವರೂ ಹೆಚ್ಚಾಗಿ ಹತ್ತಿದವರ ಸಾಹಸವನ್ನೇ ಬರೆದಿದ್ದಾರೆ. ಎಷ್ಟು ಅಡಿ ಏರಿದರು, ಎಷ್ಟು ಸುರಂಗ ಕೊರೆದರು, ಎಷ್ಟು ಅಶ್ವಶಕ್ತಿಯ ಯಂತ್ರ ತಂದರು ಎಂಬುದೇ ಅಲ್ಲಿನ ಲೆಕ್ಕ. ಆದರೆ ಘಟ್ಟದ ನಿಜವಾದ ಪರೀಕ್ಷೆ ಇರುವುದು ಇಳಿಯುವಾಗ. ಹತ್ತುವಾಗ ಶಕ್ತಿ ಸಾಲದ ಬಂಡಿ ನಿಂತುಬಿಡುತ್ತದೆ. ಇಳಿಯುವಾಗ ಹಿಡಿತ ತಪ್ಪಿದ ಬಂಡಿ ನಿಲ್ಲುವುದಿಲ್ಲ. ಎತ್ತಿನ ಗಾಡಿಯವನು, ರೈಲಿನ ಇಂಜಿನಿಯರ್, ಜೀಪಿನ ಚಾಲಕ, ಈ ಮೂವರೂ ಇನ್ನೂರು ವರ್ಷಗಳ ಅವಧಿಯಲ್ಲಿ ಬೇರೆ ಬೇರೆಯಾಗಿ ಕಲಿತ ಪಾಠ ಒಂದೇ: ಇಳಿಜಾರಿನಲ್ಲಿ ವಾಹನವನ್ನು ಹಿಡಿದಿಡುವ ಏರ್ಪಾಡು ಇಳಿಯತೊಡಗುವ ಮೊದಲೇ ಸಿದ್ಧವಾಗಿರಬೇಕು. ನಡುದಾರಿಯಲ್ಲಿ ಅದನ್ನು ಹುಡುಕಲಾಗದು. ಈ ಪಾಠ ರೈಲಿನಲ್ಲಿ ನಿಯಮವಾಗಿ ಉಳಿಯಿತು. ಬೆಟ್ಟದ ಕಚ್ಚಾ ಹಾದಿಯಲ್ಲಿ ಕೆಲವೇ ಚಾಲಕರ ಕೈ-ಕಾಲುಗಳ ಅಭ್ಯಾಸವಾಗಿ ಮಾತ್ರ ಉಳಿದಿದೆ. ಈ ವ್ಯತ್ಯಾಸ ಇಂದು ಜೀವದ ಪ್ರಶ್ನೆಯಾಗಿರುವುದರಿಂದ ಅದರ ಹಿನ್ನೆಲೆಯನ್ನು ತುಸು ಹುಡುಕಬೇಕಾಗಿದೆ.

ಖೋಪೋಲಿಯಿಂದ ಖಂಡಾಲಾದವರೆಗಿನ ಏರನ್ನು ಬೋರ್ ಘಾಟ್ ಎನ್ನುತ್ತಾರೆ. ಗಾಡಿರಸ್ತೆ ಆಗುವ ಮೊದಲು ಇಲ್ಲಿ ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ನಾವು ಲಂಬಾಣಿಗಳೆಂದು ಕರೆಯುವ ಬಂಜಾರರು ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಸಹ್ಯಾದ್ರಿಯ ಕಣಿವೆಗಳನ್ನು ಹತ್ತಿ ಇಳಿದವರು. ಎತ್ತಿನ ಕಾಲಿಗೆ ಹಾದಿ ತಿಳಿದಿರುತ್ತದೆ. ನಾಲ್ಕು ಗೊರಸುಗಳಲ್ಲಿ ಒಂದು ಜಾರಿದರೆ ಉಳಿದ ಮೂರು ನೆಲವನ್ನು ಕಚ್ಚಿ ಹಿಡಿಯುತ್ತವೆ. ಚಕ್ರಕ್ಕೆ ಈ ಜಾಣ್ಮೆಯಿಲ್ಲ. ಅದಕ್ಕೆ ತಿಳಿದಿರುವುದು ಉರುಳುವುದೊಂದೇ. ಘಟ್ಟಕ್ಕೆ ಚಕ್ರ ಬಂದ ದಿನವೇ ಹಿಡಿದಿಡುವ ಪ್ರಶ್ನೆಯೂ ಬಂತು.

ಆ ದಿನವನ್ನು ಹೆಚ್ಚುಕಡಿಮೆ ಗುರುತಿಸಬಹುದು. ಸರ್ ಜಾನ್ ಮಾಲ್ಕಮ್ ಮುಂಬಯಿಯ ಗವರ್ನರನಾಗಿದ್ದಾಗ, 1830ರಲ್ಲಿ, ಬೋರ್ ಘಾಟಿನಲ್ಲಿ ಗಾಡಿ ಓಡುವ ರಸ್ತೆ ಸಂಚಾರಕ್ಕೆ ತೆರೆಯಿತು. ಅದೇ ಕಾಲದ ಕಲ್ಲಿನ ಕಮಾನು ಸೇತುವೆಯೊಂದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಸಮೀಪದಲ್ಲಿದ್ದ ನೋವುನಿವಾರಕ ಮುಲಾಮಿನ ಜಾಹೀರಾತಿನಿಂದಾಗಿ ಜನ ಅದನ್ನು ಅಮೃತಾಂಜನ್ ಸೇತುವೆಯೆಂದೇ ಕರೆದರು. ಹೆದ್ದಾರಿಯ ವಾಹನಗಳಿಗೆ ಅದರ ಕಂಬಗಳು ಅಡಚಣೆಯಾಗಿದ್ದವು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಿಂದ ರಸ್ತೆ ಬರಿದಾಗಿದ್ದ ಹೊತ್ತಿನಲ್ಲಿ, ಅದನ್ನು ಸಿಡಿಮದ್ದಿಟ್ಟು ಕೆಡವಲಾಯಿತು.

ಈ ರಸ್ತೆಯ ಬದಿಯಲ್ಲಿ ಶಿಂಗ್ರೋಬಾ ಎಂಬ ಪುಟ್ಟ ಗುಡಿಯಿದೆ. ಘಟ್ಟದಲ್ಲಿ ದಾರಿ ಕಾಣದೆ ತಡವರಿಸುತ್ತಿದ್ದ ಬ್ರಿಟಿಷರಿಗೆ ಶಿಂಗ್ರೋಬಾ ಎಂಬ ಧನಗರ ಕುರುಬ ಹಾದಿ ತೋರಿಸಿದನೆಂದೂ, ಗುಟ್ಟು ಹೊರಬೀಳದಿರಲೆಂದು ಅವನನ್ನೇ ಕೊಂದರೆಂದೂ ಐತಿಹ್ಯ ಹೇಳುತ್ತದೆ. ಇಂಥದೇ ಕಥೆ ವಯನಾಡಿನ ತಾಮರಶ್ಶೇರಿ ಘಟ್ಟದಲ್ಲಿ ಕರಿಂತಂಡನ್ ಎಂಬ ಪಣಿಯ ಜನಾಂಗದವನ ಹೆಸರಿನಲ್ಲೂ ಇದೆ. ಇವು ನಡೆದ ಸಂಗತಿಗಳೋ ಅಲ್ಲವೋ ಎಂಬುದಕ್ಕಿಂತ ಜನ ಇವನ್ನು ಏಕೆ ಹೇಳುತ್ತ ಬಂದರು ಎಂಬುದು ಮುಖ್ಯ. ಬೆಟ್ಟದ ತಿಳಿವಳಿಕೆ ಬೆಟ್ಟದವನಲ್ಲಿತ್ತು, ಹೆಸರು ಮಾತ್ರ ಕೆಳಗಿನಿಂದ ಬಂದವರಿಗೆ ಸಂದಿತು ಎಂಬ ಅಳಲು ಎರಡೂ ಕಥೆಗಳಲ್ಲಿದೆ. ಹಳೆಯ ರಸ್ತೆಯಲ್ಲಿ ಹೋಗುವ ಲಾರಿ ಚಾಲಕರು ಇಂದಿಗೂ ಶಿಂಗ್ರೋಬಾನಿಗೆ ನಾಣ್ಯ ಎಸೆದು ಮುಂದೆ ಸಾಗುತ್ತಾರೆ.

ಕನ್ನಡನಾಡಿನ ಗಾಡಿಗಳಿಗೂ ಮುಂಬಯಿಗೂ ಇದ್ದ ನಂಟು ಬೇರೊಂದು ಘಟ್ಟದ ಮೂಲಕ ಹಾದುಹೋಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಬಯಲಿನಿಂದ ಶಿರಸಿಯ ಕಡೆಗೆ ಬಂದು, ದೇವಿಮನೆ ಘಟ್ಟವನ್ನಿಳಿದು, ಕುಮಟಾ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬರುತ್ತಿತ್ತು. ಮುಂಬಯಿಯ ಹತ್ತಿ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಬೆಳೆದ ಊರಿನ ಹೆಸರಿನ ಬದಲು ಇಳಿದು ಸೇರಿದ ಬಂದರಿನ ಹೆಸರು ಅದಕ್ಕೆ ಅಂಟಿಕೊಂಡಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಭಾರತದ ಹತ್ತಿಗೆ ಬಂಗಾರದ ಬೆಲೆ ಬಂದಾಗ ಈ ಹಾದಿಗಳ ಮಹತ್ವ ಏರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ವ್ಯಾಪಾರದ ಆಸಕ್ತಿಯಿತ್ತು.

ಹತ್ತಿಯ ಅಂಡಿಗೆ ಹೇರಿದ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸುವುದು ಹೇಗೆ? ಬಯಲಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ. ಇಳುಕಲಿನಲ್ಲಿ ಗಾಡಿಯೇ ಎತ್ತನ್ನು ದೂಡುತ್ತದೆ. ನೊಗ ಕೊರಳಿನಿಂದ ಕೋಡಿನತ್ತ ಜಾರುತ್ತದೆ. ಎತ್ತಿನ ಮೈಬಲವೊಂದನ್ನೇ ನಂಬಿ ಇಳಿದವನು ಎತ್ತನ್ನೂ ಗಾಡಿಯನ್ನೂ ಕಳೆದುಕೊಳ್ಳುತ್ತಾನೆ. ಆದ್ದರಿಂದ ಗಾಡಿಯ ಕಾಲದ ಲೋಕವೆಲ್ಲ ಒಂದೇ ಬಗೆಯ ಉಪಾಯಗಳನ್ನು ಕಂಡುಕೊಂಡಿತ್ತು: ಚಕ್ರಕ್ಕೆ ಅಡ್ಡಮರ ಒತ್ತಿ ಬಿಗಿಯುವುದು, ಒಂದು ಚಕ್ರವನ್ನು ಸರಪಳಿಯಿಂದ ಕಟ್ಟಿ ಉರುಳದಂತೆ ಮಾಡುವುದು, ಹಿಂದೆ ಮರದ ದಿಮ್ಮಿಯನ್ನು ಎಳೆಸುವುದು. ಇವೆಲ್ಲವನ್ನೂ ಮಾಡಬೇಕಾದದ್ದು ಘಟ್ಟದ ತಲೆಯಲ್ಲಿ, ಗಾಡಿ ಇನ್ನೂ ಸಮತಟ್ಟಿನಲ್ಲಿ ನಿಂತಿರುವಾಗ. ಇಳಿಯತೊಡಗಿದ ಮೇಲೆ ಸರಪಳಿ ಕಟ್ಟಲು ಯಾರಿಂದಲೂ ಆಗದು.

ರೈಲು ಬಂದಾಗ ಅದೇ ಪ್ರಶ್ನೆ ನೂರು ಪಟ್ಟು ತೂಕದೊಂದಿಗೆ ಬಂತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಆ ಹಾದಿ ಸಮತಟ್ಟು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ನಿಜವಾದ ಸವಾಲಾಗಿದ್ದುದು ಘಟ್ಟ. ಜೇಮ್ಸ್ ಬರ್ಕ್ಲಿ ಎಂಬ ಮುಖ್ಯ ಇಂಜಿನಿಯರನ ಯೋಜನೆಯಂತೆ ಬೋರ್ ಘಾಟಿನ ಕೆಲಸ 1856ರಲ್ಲಿ ಮೊದಲಾಗಿ 1863ರಲ್ಲಿ ಮುಗಿಯಿತು. ಸುಮಾರು 15 ಮೈಲಿಗಳಲ್ಲಿ 1,831 ಅಡಿ ಏರು, 25 ಸುರಂಗಗಳು, ಅತಿ ಕಡಿದಾದ ಕಡೆ 37 ಅಡಿಗೆ ಒಂದು ಅಡಿಯ ಏರು. ಗುತ್ತಿಗೆದಾರ ಸಾಲಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ಕೈಗೆತ್ತಿಕೊಂಡು ಮುಗಿಸಿದಳು. ಕೆಲಸ ಏರುಗತಿಯಲ್ಲಿದ್ದಾಗ ನಲವತ್ತು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ದುಡಿದರು. ಕಾಲರಾ, ಜ್ವರ, ಸಿಡಿಮದ್ದು, ಕುಸಿತಗಳಿಗೆ ಸಾವಿರಾರು ಮಂದಿ ಬಲಿಯಾದರು. ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ.

ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಹೇಳುವುದು, ರೈಲು ಕೆಳಗಿಳಿಯುವುದಕ್ಕೆ ಮಾಡಿದ ಏರ್ಪಾಡುಗಳನ್ನು. ಘಟ್ಟ ಇಳಿಯುವ ಹಳಿಯ ಪಕ್ಕದಲ್ಲಿ ಅಲ್ಲಲ್ಲಿ ಒಂದು ಕವಲುಹಳಿ ಹೊರಟು, ಮೇಲ್ಮುಖವಾಗಿ ಏರಿ, ಗುಡ್ಡದಲ್ಲಿ ಕೊನೆಗೊಳ್ಳುತ್ತದೆ. ಇದನ್ನು ಕ್ಯಾಚ್ ಸೈಡಿಂಗ್ ಎನ್ನುತ್ತಾರೆ. ಹಿಡಿಹಳಿ ಎಂದು ಕನ್ನಡಿಸಬಹುದು. ಇಳಿಯುವ ಗಾಡಿ ಅಲ್ಲಿಗೆ ಬಂದು ನಿಲ್ಲಬೇಕು. ನಿಂತಿತೆಂದರೆ ಅದರ ಬ್ರೇಕು ಹಿಡಿತದಲ್ಲಿದೆ ಎಂದರ್ಥ. ಆಗ ಹಳಿಯನ್ನು ಮುಖ್ಯ ಮಾರ್ಗಕ್ಕೆ ತಿರುಗಿಸಿ ಮುಂದೆ ಬಿಡುತ್ತಾರೆ. ನಿಲ್ಲದಿದ್ದರೆ ಗಾಡಿ ತಾನಾಗಿ ಕವಲಿಗೆ ನುಗ್ಗಿ, ಏರನ್ನು ಹತ್ತಿ, ವೇಗ ಕಳೆದುಕೊಂಡು ನಿಲ್ಲುತ್ತದೆ.

ಇದರ ಹಿಂದಿನ ಯೋಚನೆಯನ್ನು ಗಮನಿಸಬೇಕು. ಸಾಮಾನ್ಯವಾಗಿ ನಾವು ಎಲ್ಲ ಸರಿಯಾಗಿರುತ್ತದೆ ಎಂದುಕೊಂಡು ಹೊರಟು, ಕೆಟ್ಟಾಗ ಪರಿಹಾರ ಹುಡುಕುತ್ತೇವೆ. ಘಟ್ಟದ ರೈಲು ನಿಯಮ ಇದಕ್ಕೆ ತದ್ವಿರುದ್ಧ. ಬ್ರೇಕು ಕೆಟ್ಟಿದೆ ಎಂದೇ ಮೊದಲು ಭಾವಿಸಿ, ಕೆಟ್ಟಿಲ್ಲವೆಂದು ಗಾಡಿಯೇ ನಿಂತು ರುಜುವಾತು ಮಾಡಿದ ಮೇಲೆ ಮಾತ್ರ ದಾರಿ ಬಿಡುವುದು. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ ಓಡಾಡಿದವರಿಗೂ ಇದು ಪರಿಚಿತ. 50 ಅಡಿಗೆ ಒಂದು ಅಡಿ ಇಳಿಯುವ, 57 ಸುರಂಗಗಳ ಆ ಹಾದಿಯಲ್ಲಿ ರೈಲು ಕಾಡಿನ ನಡುವೆ ಕಾರಣವಿಲ್ಲದೆ ನಿಂತಂತೆ ಕಂಡಾಗ ಪ್ರಯಾಣಿಕರು ಗೊಣಗುತ್ತಾರೆ. ಆ ನಿಲುಗಡೆಯೇ ಕಾರಣ. ಕರ್ಜತ್ ಕಡೆಯಿಂದ ಹತ್ತುವ ರೈಲುಗಳಿಗೆ ಹಿಂಬದಿಯಿಂದ ದೂಡುವ ಇಂಜಿನುಗಳನ್ನು ಜೋಡಿಸುವುದನ್ನು ಕಿಟಕಿಯಿಂದ ಇಣುಕಿ ನೋಡುವವರು ಬಹಳ. ಇಳಿಯುವಾಗಿನ ಈ ಮೌನ ಪರೀಕ್ಷೆಯನ್ನು ಗಮನಿಸುವವರು ವಿರಳ.

1929ರ ಸುಮಾರಿಗೆ ಕಲ್ಯಾಣ-ಪುಣೆ ಮಾರ್ಗ ವಿದ್ಯುತ್ತಿಗೆ ಬದಲಾದಾಗ ಇನ್ನೊಂದು ಹೆಜ್ಜೆ ಬಿತ್ತು. ಖೇಕ್ಡಾ, ಅಂದರೆ ಏಡಿ, ಎಂದು ರೈಲು ಕಾರ್ಮಿಕರು ಕರೆದ ಇಂಜಿನುಗಳು ಘಟ್ಟಕ್ಕೆ ಬಂದವು. ಇಳಿಯುವಾಗ ಅವುಗಳ ಮೋಟರು ಎಳೆಯುವ ಬದಲು ತಡೆಯುತ್ತಿತ್ತು. ತಡೆಯುವಾಗ ವಿದ್ಯುತ್ತನ್ನು ಉತ್ಪಾದಿಸಿ ತಂತಿಗೆ ಮರಳಿಸುತ್ತಿತ್ತು. ಚಕ್ರಕ್ಕೆ ಬ್ರೇಕಿನ ಬಿಲ್ಲೆ ಉಜ್ಜಿ ನಿಲ್ಲಿಸುವುದಕ್ಕಿಂತ ಎಳೆಯುವ ಯಂತ್ರದಿಂದಲೇ ತಡೆಯುವುದು ಮೇಲು ಎಂಬ ಈ ತತ್ತ್ವವೇ, ಬೇರೆ ರೂಪದಲ್ಲಿ, ಬೆಟ್ಟದ ಜೀಪು ಚಾಲಕನ ಮೊದಲ ಸೂತ್ರ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವಾಹನವೊಂದನ್ನು ಕೇಳಿತು. ಪೆನ್ಸಿಲ್ವೇನಿಯದ ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮೊದಲ ಮಾದರಿಯನ್ನು ಒಪ್ಪಿಸಿತು. ಬಳಿಕ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಈ ವಾಹನ ಭಾರತದಲ್ಲಿ ಬೇರೂರಿದ್ದು ಮುಂಬಯಿಯ ಮೂಲಕ. 1945ರಲ್ಲಿ ಮಹೀಂದ್ರ ಸಹೋದರರು ಗುಲಾಮ್ ಮೊಹಮ್ಮದ್ ಅವರೊಡನೆ ಸೇರಿ ಕಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ, ದೇಶವಿಭಜನೆಯ ನಂತರ ಪಾಲುದಾರರು ಪಾಕಿಸ್ತಾನದ ಹಣಕಾಸು ಸಚಿವರಾಗಿ ತೆರಳಿದ ಮೇಲೆ, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಆ ದಶಕದ ಕೊನೆಯಲ್ಲಿ ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ವಿಲ್ಲಿಸ್ ಜೀಪುಗಳನ್ನು ಮಜಗಾಂವಿನಲ್ಲಿ ಜೋಡಿಸತೊಡಗಿದರು. ಮುಂದೆ ಕಾಂದಿವಲಿಯ ಕಾರ್ಖಾನೆಯಿಂದ ದಶಕಗಳ ಕಾಲ ಜೀಪುಗಳು ಹೊರಬಂದವು. ಮಲೆನಾಡಿನ ಕಾಫಿ, ಅಡಿಕೆ ತೋಟಗಳ ಕೆಸರಿನ ಹಾದಿಯಲ್ಲಿ ಮುಂಬಯಿಯ ಉಪನಗರದ ಈ ಕಬ್ಬಿಣ ಅರ್ಧ ಶತಮಾನ ದುಡಿಯಿತು.

ಜೀಪಿನ ಹೆಚ್ಚುಗಾರಿಕೆ ಅದರ ಅಶ್ವಶಕ್ತಿಯಲ್ಲಿಲ್ಲ. ಯುದ್ಧಕಾಲದ ಜೀಪಿನ ಇಂಜಿನಿಗೆ ಇದ್ದದ್ದು ಸುಮಾರು 60 ಅಶ್ವಶಕ್ತಿ. ಇಂದಿನ ಸಣ್ಣ ಕಾರಿಗೂ ಅದಕ್ಕಿಂತ ಹೆಚ್ಚಿದೆ. ಹೆಚ್ಚುಗಾರಿಕೆ ಇರುವುದು ಚಾಲಕನ ಪಕ್ಕದ ಎರಡು ಸಣ್ಣ ಹಿಡಿಕೆಗಳಲ್ಲಿ. ಒಂದು, ಮುಂದಿನ ಚಕ್ರಗಳಿಗೂ ಶಕ್ತಿ ಹಂಚುತ್ತದೆ. ಇನ್ನೊಂದು, ಇಡೀ ಗೇರುವ್ಯವಸ್ಥೆಯನ್ನೇ ಇನ್ನಷ್ಟು ನಿಧಾನಗೊಳಿಸುತ್ತದೆ. ಇದನ್ನು ಲೋ ರೇಂಜ್ ಎನ್ನುತ್ತಾರೆ. ನಂತರದ ನಾಗರಿಕ ಜೀಪುಗಳಲ್ಲಿ ಇದರಿಂದ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಚಕ್ರದ ತಿರುಗುಬಲ ಅಷ್ಟೇ ಪಟ್ಟು ಹೆಚ್ಚುತ್ತಿತ್ತು. ಹತ್ತುವಾಗ ಇದು ಶಕ್ತಿ. ಇಳಿಯುವಾಗ ಇದೇ ಹಿಡಿತ: ಆಕ್ಸಲರೇಟರಿನಿಂದ ಕಾಲು ತೆಗೆದರೆ ಚಕ್ರಗಳು ಇಂಜಿನನ್ನು ತಿರುಗಿಸಬೇಕಾಗುತ್ತದೆ, ಇಂಜಿನು ಅದಕ್ಕೆ ಒಪ್ಪದೆ ಚಕ್ರಗಳನ್ನು ತಡೆಯುತ್ತದೆ. ಗಾಡಿಯವನ ಅಡ್ಡಮರ, ಖೇಕ್ಡಾದ ಮೋಟರು, ಜೀಪಿನ ಗೇರು, ಮೂರೂ ಮಾಡುವ ಕೆಲಸ ಒಂದೇ.

ಬ್ರೇಕು ಇರುವಾಗ ಗೇರೇಕೆ ಎಂದು ಕೇಳಬಹುದು. ಒಂದು ಸರಳ ಲೆಕ್ಕ ಮಾಡೋಣ. ಜನರು ತುಂಬಿದ ಎರಡು ಟನ್ನಿನ ಜೀಪೊಂದು ಬೋರ್ ಘಾಟಿನಷ್ಟೇ ಎತ್ತರದಿಂದ, ಎಂದರೆ ಸುಮಾರು 560 ಮೀಟರಿನಿಂದ, ಇಳಿಯುತ್ತದೆ ಎನ್ನಿ. ಆ ಎತ್ತರದಿಂದ ಬಿಡುಗಡೆಯಾಗುವ ಶಕ್ತಿಯೆಲ್ಲ ಬ್ರೇಕಿನಲ್ಲೇ ಶಾಖವಾಗಬೇಕಾದರೆ ಅದು 35 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟಾಗುತ್ತದೆ. ನಾಲ್ಕು ಅಂಗೈಯಗಲದ ಕಬ್ಬಿಣದ ಡ್ರಮ್ಮುಗಳು ಇಷ್ಟನ್ನು ತಾಳಲಾರವು. ಕಾದ ಬ್ರೇಕಿನ ಹಿಡಿತ ಸಡಿಲುತ್ತದೆ. ಬ್ರೇಕಿನ ದ್ರವ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ, ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಇಂಜಿನಿಗೆ ಈ ಭಾರ ಹೊರಿಸಿ, ಬ್ರೇಕನ್ನು ತಣ್ಣಗೆ ಉಳಿಸಿಕೊಂಡವನಿಗೆ ಆಪತ್ತಿನಲ್ಲಿ ಬ್ರೇಕು ಸಿಗುತ್ತದೆ.

ಈ ವಿದ್ಯೆಯನ್ನು ಮುಂಬಯಿ ಕನ್ನಡಿಗರು ಹತ್ತಿರದಿಂದ ಕಾಣುವ ಜಾಗವೊಂದಿದೆ. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣವಾಗಿ ತೆರೆದಾಗ ನಮ್ಮ ಊರಿನ ಹಾದಿ ಬದಲಾಯಿತು. 741 ಕಿಲೋಮೀಟರಿನ ಆ ಮಾರ್ಗ ಬೆಟ್ಟವನ್ನು ಹತ್ತಿ ಇಳಿಯುವ ಗೋಜಿಗೇ ಹೋಗದೆ 90ಕ್ಕೂ ಹೆಚ್ಚು ಸುರಂಗಗಳಲ್ಲಿ ಅದನ್ನು ತೂರಿ ಸಾಗುತ್ತದೆ. ಏರಿಳಿತವನ್ನು 150 ಅಡಿಗೆ ಒಂದು ಅಡಿಯೊಳಗೆ ಕಟ್ಟಿಹಾಕಿದೆ. ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಇಳಿದು ಕೊಲ್ಲೂರಿಗೆ ಹೋಗುವ ಕುಟುಂಬಗಳು ಅಸಂಖ್ಯ. ದೇವಿಯ ದರ್ಶನವಾದ ಮೇಲೆ ಅವರಲ್ಲಿ ಹಲವರು ಕೊಡಚಾದ್ರಿಗೆ ಹೊರಡುತ್ತಾರೆ. ಇಡೀ ರಾತ್ರಿ ಸಮತಟ್ಟಾದ ಹಳಿಯ ಮೇಲೆ ಮಲಗಿ ಬಂದವರಿಗೆ, ಮಾರನೆಯ ದಿನ ಘಟ್ಟದ ಹಳೆಯ ಪ್ರಶ್ನೆ ಜೀಪಿನ ರೂಪದಲ್ಲಿ ಎದುರಾಗುತ್ತದೆ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಈ ಶಿಖರದಲ್ಲಿ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠವಿದೆ. ಕೊಲ್ಲೂರಿನಿಂದ ಜೀಪಿನ ಹಾದಿ ಸುತ್ತುಬಳಸಿ ಸುಮಾರು 40 ಕಿಲೋಮೀಟರ್. ಅದರ ಕೊನೆಯ ಭಾಗ ಉರುಳುಗಲ್ಲು, ಕೆಮ್ಮಣ್ಣು, ಮಳೆನೀರು ಕೊರೆದ ಕಾಲುವೆಗಳ ಹಾದಿ. ರೈಲಿನ ಘಟ್ಟದಲ್ಲಿ 37 ಅಡಿಗೆ ಒಂದು ಅಡಿ ಎಂಬುದು ಅತಿ ಕಡಿದೆನಿಸಿದರೆ, ಇಂಥ ಕಚ್ಚಾ ಹಾದಿಗಳ ಕೆಲವು ತುಣುಕುಗಳಲ್ಲಿ ಐದು ಅಡಿಗೆ ಒಂದು ಅಡಿಯ ಏರು ಅಪರೂಪವಲ್ಲ. ಇಲ್ಲಿ ಹಿಡಿಹಳಿಯಿಲ್ಲ, ಸಿಗ್ನಲ್ ಇಲ್ಲ, ನಿಯಮದ ಪುಸ್ತಕವೂ ಇಲ್ಲ. ಇರುವುದು ಚಾಲಕನೊಬ್ಬನೇ. ಇಂಥ ಹಾದಿಯ ನುರಿತ ಚಾಲಕರು ಪಾಲಿಸುವ ರೀತಿಗಳನ್ನು ಒಂದೆಡೆ ಇಟ್ಟು ನೋಡಿದರೆ, ಅವು ಗಾಡಿ ಮತ್ತು ರೈಲಿನ ಪಾಠಗಳ ಮುಂದುವರಿಕೆಯೆಂದು ತಿಳಿಯುತ್ತದೆ.

ಮೊದಲನೆಯದು, ಏರಿನ ಬುಡದಲ್ಲಿ ನಿಂತು ನೋಡುವುದು. ಹಾದಿ ಪರಿಚಯವಿಲ್ಲದಿದ್ದರೆ ಇಳಿದು ನಡೆದೇ ನೋಡಬೇಕು: ಆಚೆ ತುದಿಯಲ್ಲಿ ಏನಿದೆ, ಕಲ್ಲು ಸಡಿಲವೇ, ಎದುರಿನಿಂದ ಯಾರಾದರೂ ಬರುತ್ತಿದ್ದಾರೆಯೇ. ನಾಲ್ಕು ಚಕ್ರದ ಚಾಲನೆಯನ್ನೂ ಲೋ ರೇಂಜನ್ನೂ ಅಲ್ಲಿಯೇ, ಸಮತಟ್ಟಿನಲ್ಲೇ ಹಾಕಿಕೊಳ್ಳಬೇಕು. ಒಂದು ವಾಹನ ಇಳಿಜಾರಿನಲ್ಲಿರುವಾಗ ಇನ್ನೊಂದು ಅದರ ಹಿಂದೆ ಹತ್ತಬಾರದು. ಮೇಲಿನದು ಜಾರಿದರೆ ಕೆಳಗಿನದಕ್ಕೆ ಓಡಲು ಜಾಗವಿರುವುದಿಲ್ಲ.

ಎರಡನೆಯದು, ನೇರವಾಗಿ ಹತ್ತುವುದು, ನೇರವಾಗಿ ಇಳಿಯುವುದು. ಕಾಲ್ನಡಿಗೆಯವನಿಗೆ ಓರೆಯಾಗಿ ಹತ್ತುವುದು ಸುಲಭ. ವಾಹನಕ್ಕೆ ಅದೇ ಅಪಾಯ. ಹಳೆಯ ಜೀಪಿನ ಚಕ್ರಗಳ ನಡುವಿನ ಅಂತರ ಉದ್ದಕ್ಕೆ 80 ಅಂಗುಲ, ಅಡ್ಡಕ್ಕೆ ಸುಮಾರು 48 ಅಂಗುಲ. ಉದ್ದಕ್ಕೆ ನಿಂತ ಜೀಪು ತಾಳಬಲ್ಲ ಓರೆಯನ್ನು ಅಡ್ಡಕ್ಕೆ ನಿಂತ ಜೀಪು ತಾಳದೆ ಮಗುಚುತ್ತದೆ. ಮಾಡಿನ ಮೇಲೆ ಸಾಮಾನು ಹೇರಿದರೆ, ಹಿಂದೆ ಹುಡುಗರು ಜೋತು ನಿಂತರೆ ಭಾರದ ಕೇಂದ್ರ ಇನ್ನಷ್ಟು ಮೇಲೇರಿ ಅಪಾಯ ಇಮ್ಮಡಿಸುತ್ತದೆ. ಕಡಿದಾದ ಇಳಿಜಾರಿನ ನಡುವೆ ವಾಹನವನ್ನು ತಿರುಗಿಸುವುದಂತೂ ಕೂಡದು.

ಮೂರನೆಯದು, ಸೋಲನ್ನು ಮೊದಲೇ ಎಣಿಸಿಕೊಳ್ಳುವುದು. ಏರಿನ ನಡುವೆ ಇಂಜಿನು ನಿಂತುಹೋದರೆ ಹೊಸಬನ ಕಾಲು ತಾನಾಗಿ ಕ್ಲಚ್ಚಿಗೆ ಹೋಗುತ್ತದೆ. ಕ್ಲಚ್ ಒತ್ತಿದೊಡನೆ ಇಂಜಿನಿಗೂ ಚಕ್ರಕ್ಕೂ ನಂಟು ಕಡಿದು, ಜೀಪು ಹಿಮ್ಮುಖವಾಗಿ ಓಡತೊಡಗುತ್ತದೆ. ಬಲ್ಲವನು ಮೊದಲು ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಕೈಬ್ರೇಕು ಎಳೆದು, ಆ ಹಿಡಿತದಲ್ಲೇ ಹಿಮ್ಮುಖದ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು ಇಂಜಿನು ಚಾಲೂ ಮಾಡುತ್ತಾನೆ. ಬ್ರೇಕು ಮೆಲ್ಲನೆ ಬಿಟ್ಟು, ಇಂಜಿನಿನ ಹಿಡಿತದಲ್ಲೇ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯುತ್ತಾನೆ. ರೈಲಿನ ಹಿಡಿಹಳಿಯಂತೆ ಇದು ಸೋಲಿಗೆಂದೇ ಸಿದ್ಧಪಡಿಸಿಟ್ಟ ದಾರಿ.

ನಾಲ್ಕನೆಯದು ಇಳಿಯುವ ಸೂತ್ರ. ಯಾವ ಗೇರಿನಲ್ಲಿ ಹತ್ತಬೇಕಾಗಿತ್ತೋ ಅದೇ ಗೇರಿನಲ್ಲಿ, ಅಥವಾ ಅದಕ್ಕೂ ತಗ್ಗಿನ ಗೇರಿನಲ್ಲಿ ಇಳಿಯಬೇಕು. ನಡುವೆ ಕ್ಲಚ್ ಮುಟ್ಟಬಾರದು, ನ್ಯೂಟ್ರಲ್‌ಗೆ ಹೋಗಬಾರದು. ಬ್ರೇಕನ್ನು ಬಿಗಿಯಾಗಿ ತುಳಿದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ತಿರುಗದ ಚಕ್ರ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಹಿಂಭಾಗ ಪಕ್ಕಕ್ಕೆ ಜಾರಿದಾಗ ಬ್ರೇಕು ಬಿಟ್ಟು ಆಕ್ಸಲರೇಟರನ್ನು ಒಂದಿಷ್ಟೇ ಒತ್ತಿದರೆ ಚಕ್ರ ಮತ್ತೆ ತಿರುಗಿ ವಾಹನ ನೆಟ್ಟಗಾಗುತ್ತದೆ. ಹೆದರಿಕೆಯಾದಾಗ ವೇಗ ಕೊಡುವುದು ಮನುಷ್ಯಸ್ವಭಾವಕ್ಕೆ ವಿರುದ್ಧ. ಆದ್ದರಿಂದಲೇ ಅದನ್ನು ಬುದ್ಧಿಯಿಂದ ತಿಳಿದರೆ ಸಾಲದು, ಕಾಲಿನಿಂದ ಕಲಿಯಬೇಕು.

ಮಳೆಗಾಲದ ಸಹ್ಯಾದ್ರಿಯಲ್ಲಿ ಈ ಸೂತ್ರಗಳಿಗೂ ಮಿತಿಯಿದೆ. ನೆನೆದ ಕೆಮ್ಮಣ್ಣು ಟೈರಿನ ಹಲ್ಲುಗಳನ್ನು ತುಂಬಿ ಅದನ್ನು ನುಣ್ಣನೆಯ ಗಾಲಿಯಾಗಿಸುತ್ತದೆ. ಪಾಚಿಗಟ್ಟಿದ ಕಲ್ಲಿನ ಮೇಲೆ ನಾಲ್ಕು ಚಕ್ರಗಳ ಚಾಲನೆಯೂ ನಿರುಪಯೋಗಿ. ಅಂಥ ದಿನ ವಾಪಸು ಹೋಗೋಣ ಎಂದು ಹೇಳುವ ಚಾಲಕನನ್ನು ಪ್ರವಾಸಿಗರು ಅಂಜುಬುರುಕನೆಂದು ಹಂಗಿಸುತ್ತಾರೆ. ಹೇಳಬೇಕಾದುದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳಿದ ಅವನೇ ಆ ದಿನದ ಜಾಣ.

ಇನ್ನು ಇಂದಿನ ಮಾತು. ಮುಂಬಯಿಯ ಮಧ್ಯಮವರ್ಗದ ಮನೆಗಳಿಗೂ ಈಗ ನಾಲ್ಕು ಚಕ್ರ ಚಾಲನೆಯ ವಾಹನ ಬಂದಿದೆ. ಮಹೀಂದ್ರ ಕಂಪನಿಯ ಥಾರ್ 2010ರಲ್ಲಿ ಬಂತು. ಅದರ ಹೊಸ ರೂಪ 2020ರಲ್ಲಿ ಬಂದ ಮೇಲೆ ಬೆಟ್ಟ ಹತ್ತುವ ಹುಮ್ಮಸ್ಸು ನಗರದ ಯುವಕರಲ್ಲಿ ಹೆಚ್ಚಿದೆ. ಇಳಿಜಾರಿನಲ್ಲಿ ತಾನಾಗಿ ವೇಗ ತಗ್ಗಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಹೊಸ ವಾಹನಗಳಲ್ಲಿದೆ. ಅದು ಉಪಕಾರಿಯೇ. ಆದರೆ ಅದು ನೆಲದ ಹಿಡಿತವನ್ನು ಹುಟ್ಟಿಸಲಾರದು, ಇರುವ ಹಿಡಿತವನ್ನು ಹಂಚಬಲ್ಲದಷ್ಟೆ. ಹತ್ತಿಸುವ ಶಕ್ತಿಯನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಎಲ್ಲಿ ಹತ್ತಬಾರದು ಎಂಬ ತೀರ್ಮಾನ ವಾಹನದೊಂದಿಗೆ ಬರುವುದಿಲ್ಲ.

ಡಾಂಬರಿನ ಮೇಲೂ ಪಾಠ ಪೂರ್ತಿ ಇಳಿದಿಲ್ಲ. 2002ರಲ್ಲಿ ಪೂರ್ಣಗೊಂಡ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯ ಘಟ್ಟದ ಭಾಗದಲ್ಲಿ, ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಲಾರಿ ಇಳಿಸುವ ಚಟ ಇನ್ನೂ ಇದೆ. ಇದು ಅಪಾಯವಷ್ಟೇ ಅಲ್ಲ, ತಪ್ಪು ಲೆಕ್ಕವೂ ಹೌದು: ಇಂದಿನ ಇಂಜಿನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವಾಗಿ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಮಾತ್ರ ಉರಿಯುತ್ತಲೇ ಇರುತ್ತವೆ. ನಮ್ಮ ಕಾನೂನಿನಲ್ಲಿ ಘಟ್ಟದ ವಿವೇಕದ ಒಂದು ತುಣುಕು ಸೇರಿಕೊಂಡಿದೆ. ಕಿರಿದಾದ ಬೆಟ್ಟದ ದಾರಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವನು ಬದಿಯಲ್ಲಿ ನಿಂತು ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳು ಹೇಳಿದ್ದವು. ಇದನ್ನು ಹತ್ತುವವನಿಗೆ ತೋರಿಸುವ ದಾಕ್ಷಿಣ್ಯವೆಂದು ಓದುವವರುಂಟು. ಇಳಿಯುವವನು ಬೇಕೆಂದಾಗ ನಿಲ್ಲಬಲ್ಲವನಾಗಿರಬೇಕು ಎಂಬ ಕರಾರೂ ಅದರಲ್ಲಿ ಅಡಗಿದೆ.

ಎಲ್ಲ ಬೆಟ್ಟವೂ ವಾಹನಕ್ಕೆ ಸಲ್ಲುವುದಲ್ಲ ಎಂಬುದಕ್ಕೆ ಮುಂಬಯಿಯ ನೆರೆಯಲ್ಲೇ ಉದಾಹರಣೆಯಿದೆ. ಮಾಥೆರಾನಿಗೆ ಆದಮ್‌ಜಿ ಪೀರ್‌ಭಾಯ್ ಮನೆತನ ಕಟ್ಟಿದ ಪುಟ್ಟ ರೈಲು 1907ರಲ್ಲಿ 20 ಅಡಿಗೆ ಒಂದು ಅಡಿಯ ಏರನ್ನು ಹತ್ತತೊಡಗಿತು. ಮೋಟಾರು ವಾಹನಗಳನ್ನು ಮಾತ್ರ ಇಂದಿಗೂ ದಸ್ತೂರಿಯಲ್ಲೇ ತಡೆದು ನಿಲ್ಲಿಸಲಾಗುತ್ತದೆ. ಕೊಡಚಾದ್ರಿಯೂ ಅಭಯಾರಣ್ಯದ ಸೆರಗಿನ ಬೆಟ್ಟ. ಜಾಡು ಬಿಟ್ಟು ಹುಲ್ಲುಗಾವಲಿಗೆ ನುಗ್ಗಿದ ಚಕ್ರ ಮೇಲ್ಮಣ್ಣನ್ನು ಹರಿದರೆ ಮುಂದಿನ ಮಳೆ ಆ ಗಾಯವನ್ನು ಕಾಲುವೆಯಾಗಿಸುತ್ತದೆ, ಕಾಲುವೆಯಾದ ಜಾಡಿನಲ್ಲಿ ನಾಳೆ ಇನ್ನೊಂದು ವಾಹನ ಮಗುಚುತ್ತದೆ. ಬೆಟ್ಟದ ಸುರಕ್ಷತೆಯೂ ಚಾಲಕನ ಸುರಕ್ಷತೆಯೂ ಬೇರೆ ಬೇರೆಯಲ್ಲ.

ಮುಂಬಯಿಯ ನಮ್ಮ ಸಂಘಗಳು ಊರಿನ ಹಬ್ಬ, ಆಟ, ಅಡುಗೆ, ನುಡಿಗಟ್ಟುಗಳನ್ನು ಶ್ರದ್ಧೆಯಿಂದ ದಾಖಲಿಸುತ್ತ ಬಂದಿವೆ. ಘಟ್ಟದ ಚಾಲಕರ ವಿದ್ಯೆಯೂ ಅಂಥ ದಾಖಲೆಗೆ ಅರ್ಹವಾದದ್ದು. ಕೊಲ್ಲೂರಿನ ಜೀಪು ಚಾಲಕ ಯಾವ ಕಲ್ಲಿನ ಎಡಕ್ಕೆ ಚಕ್ರ ಇಡುತ್ತಾನೆ, ಯಾವ ತಿರುವಿಗೆ ಮೊದಲು ಗೇರು ಇಳಿಸುತ್ತಾನೆ, ಯಾವ ಮಳೆಗೆ ಹೊರಡುವುದೇ ಇಲ್ಲ ಎಂಬುದನ್ನು ಅವನ ಮಾತಿನಲ್ಲೇ ಕೇಳಿ ಬರೆದಿಟ್ಟರೆ, ರೈಲಿನವರು ನಿಯಮ ಪುಸ್ತಕದಲ್ಲಿ ಉಳಿಸಿಕೊಂಡದ್ದನ್ನು ನಾವು ಕನ್ನಡದಲ್ಲಿ ಉಳಿಸಿಕೊಂಡಂತಾಗುತ್ತದೆ. ಶಿಂಗ್ರೋಬಾನಿಗೆ ಗುಡಿ ಕಟ್ಟಿದ ಜನ ಅವನ ತಿಳಿವಳಿಕೆಯನ್ನು ಬರೆದಿಡಲಿಲ್ಲ. ಕೊಡಚಾದ್ರಿಯ ಚಾಲಕರನ್ನು ಕೇಳುವುದಕ್ಕೆ ಇನ್ನೂ ಹೊತ್ತು ಮೀರಿಲ್ಲ.